ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಎಂಟು-ಹತ್ತು ಗಂಟೆ ಗ್ಯಾಪ್ ಇದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಿಂದ ಬಂದು ದುಬೈ ಫ್ಲೈಟ್ ಹಿಡಿಯುವವರು, ಮಂಗಳೂರಿನಿಂದ ಬಂದು ದೆಹಲಿಗೆ ಹೋಗುವವರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು, ರಜೆಗೆ ಊರಿಗೆ ಮರಳುವ ಮಕ್ಕಳು ಎಲ್ಲರೂ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಕೆಲವರು ಕೂತ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಇನ್ನು ಕೆಲವರು ಲಾಲ್‌ಬಾಗ್ ನೋಡಿ ಬರುತ್ತೇವೆ ಎಂದು ಹೊರಟು ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳುತ್ತಾರೆ. ಎರಡೂ ಬೇಡ. ಏರ್‌ಪೋರ್ಟ್ ಇರುವುದು ದೇವನಹಳ್ಳಿ ಪಕ್ಕದಲ್ಲಿ. ಟ್ರಾಫಿಕ್ ಇರುವುದು ದಕ್ಷಿಣಕ್ಕೆ, ಸಿಟಿ ಕಡೆ. ಕೋಟೆ, ಬೆಟ್ಟ, ಹಳೆಯ ಗುಡಿಗಳು ಇರುವುದು ಉತ್ತರಕ್ಕೆ. ಟೈಮ್ ಕಡಿಮೆ ಇದ್ದವರು ಉತ್ತರಕ್ಕೆ ಹೋಗಬೇಕು. ಕೆಳಗಿನ ಸಲಹೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಎಷ್ಟು ಗಂಟೆ ಗ್ಯಾಪ್ ಇದ್ದರೆ ಹೊರಗೆ ಹೋಗಬಹುದು?

ಟಿಕೆಟ್ ಮೇಲಿನ ಗಂಟೆ ನೋಡಿ ಲೆಕ್ಕ ಹಾಕಬೇಡಿ. ಮುಂದಿನ ಫ್ಲೈಟ್‌ನಿಂದ ಹಿಂದಕ್ಕೆ ಎಣಿಸಿ. ದೇಶದೊಳಗಿನ ಫ್ಲೈಟ್ ಆದರೆ ಹೊರಡುವ ಎರಡು ಗಂಟೆ ಮೊದಲು, ವಿದೇಶದ್ದಾದರೆ ಮೂರು ಗಂಟೆ ಮೊದಲು ನೀವು ಟರ್ಮಿನಲ್ ಬಾಗಿಲಲ್ಲಿ ಇರಬೇಕು. ಇಳಿದ ಮೇಲೆ ಹೊರಗೆ ಬರಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ವಿದೇಶದಿಂದ ಬಂದಿದ್ದರೆ ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಎಲ್ಲ ಸೇರಿ ಒಂದೂವರೆ ಗಂಟೆ.

ಒಂದು ಉದಾಹರಣೆ ನೋಡಿ. ಬೆಳಗ್ಗೆ ಹತ್ತಕ್ಕೆ ಮಂಗಳೂರಿನಿಂದ ಇಳಿದಿರಿ. ಸಂಜೆ ಆರಕ್ಕೆ ದೆಹಲಿ ಫ್ಲೈಟ್. ಕಾಗದದ ಮೇಲೆ ಎಂಟು ಗಂಟೆ ಇದೆ. ಹೊರಗೆ ಬರುವಾಗ ಹತ್ತೂಮುಕ್ಕಾಲು, ವಾಪಸ್ ಇರಬೇಕಾದ್ದು ನಾಲ್ಕಕ್ಕೆ. ಉಳಿದದ್ದು ಐದು ಗಂಟೆ ಚಿಲ್ಲರೆ. ಸಿಟಿಗೆ ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು. ಅಲ್ಲಿಗೆ ಸಿಟಿಯಲ್ಲಿ ಸಿಗುವುದು ಎರಡು ಗಂಟೆ. ಅದೇ ಐದು ಗಂಟೆಯಲ್ಲಿ ದೇವನಹಳ್ಳಿ ಕೋಟೆ ನೋಡಿ, ಊಟ ಮಾಡಿ, ನಂದಿ ಗ್ರಾಮದ ದೇವಸ್ಥಾನದಲ್ಲಿ ಒಂದು ಗಂಟೆ ಕೂತು ಆರಾಮಾಗಿ ಬರಬಹುದು.

ಐದು ಗಂಟೆಗಿಂತ ಕಡಿಮೆ ಗ್ಯಾಪ್ ಇದ್ದರೆ ಏರ್‌ಪೋರ್ಟ್ ಆವರಣ ಬಿಟ್ಟು ಹೋಗಬೇಡಿ. ಐದರಿಂದ ಎಂಟು ಗಂಟೆ ಇದ್ದರೆ ದೇವನಹಳ್ಳಿ ಕಡೆ. ಎಂಟು ದಾಟಿದರೆ ನಂದಿ ಬೆಟ್ಟ ಅಥವಾ ಮಲ್ಲೇಶ್ವರ. ಹನ್ನೆರಡು ಗಂಟೆ ಇದ್ದರೆ ಬಸವನಗುಡಿವರೆಗೂ ಹೋಗಬಹುದು. ಮುಂದಿನದು ವಿದೇಶದ ಫ್ಲೈಟ್ ಆದರೆ ಈ ಎಲ್ಲದಕ್ಕೂ ಒಂದೊಂದು ಗಂಟೆ ಸೇರಿಸಿ.

ಏರ್‌ಪೋರ್ಟ್‌ನಿಂದ ಸಿಟಿಗೆ ಎಷ್ಟು ಹೊತ್ತು?

ದೂರ ಸುಮಾರು 35ರಿಂದ 40 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಮುಕ್ಕಾಲು ಗಂಟೆಯಲ್ಲಿ ಮೆಜೆಸ್ಟಿಕ್ ತಲುಪಬಹುದು. ಅದೇ ದಾರಿ ಬೆಳಗ್ಗೆ ಒಂಬತ್ತಕ್ಕೆ ಅಥವಾ ಸಂಜೆ ಆರಕ್ಕೆ ಒಂದೂವರೆಯಿಂದ ಎರಡು ಗಂಟೆ ತಿನ್ನುತ್ತದೆ. ಏರ್‌ಪೋರ್ಟ್‌ನಿಂದ ಯಲಹಂಕವರೆಗೆ ರಸ್ತೆ ಸರಾಗ. ಅದನ್ನು ನೋಡಿ ಮೋಸ ಹೋಗಬೇಡಿ. ಕಷ್ಟ ಶುರುವಾಗುವುದು ಹೆಬ್ಬಾಳದಲ್ಲಿ, ಆಮೇಲೆ ಮೇಖ್ರಿ ಸರ್ಕಲ್‌ನಲ್ಲಿ.

ನಿಮ್ಮ ಬಳಿ ಎಷ್ಟು ಗಂಟೆ ಇದೆ ಎನ್ನುವಷ್ಟೇ ಮುಖ್ಯ, ಅದು ದಿನದ ಯಾವ ಹೊತ್ತು ಎನ್ನುವುದು. ಬೆಳಗ್ಗೆ ಹನ್ನೊಂದರಿಂದ ಮೂರರ ನಡುವಿನ ಹೊತ್ತು ಸಿಟಿಗೆ ಒಳ್ಳೆಯದು. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರ ಗ್ಯಾಪ್ ಇದ್ದರೆ ಸಿಟಿಯ ಆಸೆ ಬಿಡಿ. ನಮ್ಮ ಮೆಟ್ರೊದ ನೀಲಿ ಮಾರ್ಗವನ್ನು ಏರ್‌ಪೋರ್ಟ್‌ವರೆಗೆ ಕಟ್ಟುತ್ತಿದ್ದಾರೆ. ಅದು ಓಡಲು ಶುರುವಾದರೆ ಈ ಲೆಕ್ಕವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ರಸ್ತೆಯೇ ಗತಿ.

ಕೆಲವೇ ಗಂಟೆ ಇದೆ. ದೇವನಹಳ್ಳಿಯಲ್ಲಿ ನೋಡುವಂಥದ್ದು ಏನಿದೆ?

ತುಂಬಾ ಇದೆ. ಹೆಚ್ಚಿನವರು ಅದನ್ನು ನೋಡದೆಯೇ ಹೋಗುತ್ತಾರಲ್ಲ ಎನ್ನುವುದು ನನ್ನ ಬೇಸರ.

ದೇವನಹಳ್ಳಿ ಕೋಟೆ ಟರ್ಮಿನಲ್‌ನಿಂದ ಸುಮಾರು ಹತ್ತು ಕಿಲೋಮೀಟರ್. ಕ್ಯಾಬ್‌ನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ. 1501ರಲ್ಲಿ ಆವತಿಯ ಪಾಳೆಯಗಾರ ಮಲ್ಲಬೈರೇಗೌಡ ಮೊದಲು ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ಕಾಣುವ ಕಲ್ಲಿನ ಗೋಡೆ, ಅರ್ಧಚಂದ್ರಾಕಾರದ ಬುರುಜುಗಳು ಹೈದರಾಲಿ-ಟಿಪ್ಪು ಕಾಲದವು. ಹೈದರಾಲಿ ಎಂಬ ಸೈನಿಕನ ಹೆಸರು ಮೊದಲ ಬಾರಿ ಮೇಲೆ ಬಂದದ್ದು ಈ ಕೋಟೆಗೆ ಮೈಸೂರಿನವರು ಹಾಕಿದ ಮುತ್ತಿಗೆಯಲ್ಲಿ. ಅವನ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಇದನ್ನು ಹಿಡಿಯಿತು. ಇಷ್ಟೆಲ್ಲ ನಡೆದ ಕೋಟೆಯೊಳಗೆ ಇವತ್ತಿಗೂ ಜನ ವಾಸ ಮಾಡುತ್ತಾರೆ. ಬಟ್ಟೆ ಒಣಗಿಹಾಕಿರುತ್ತಾರೆ, ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಗೋಡೆಯ ಮೇಲೆ ಹತ್ತಿ ನಡೆದರೆ ನೀವು ಹತ್ತಬೇಕಾದಂಥ ವಿಮಾನಗಳು ತಲೆಯ ಮೇಲೆ ಹಾದುಹೋಗುವುದು ಕಾಣುತ್ತದೆ.

ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಬಿಡಬೇಡಿ. ಹೊರಗೋಡೆಯ ಸುತ್ತ ರಾಮಾಯಣದ ಕಥೆ ಮತ್ತು ಕೃಷ್ಣನ ಬಾಲಲೀಲೆಗಳನ್ನು ಕೆತ್ತಿದ್ದಾರೆ. ಮಕ್ಕಳು ಜೊತೆಗಿದ್ದರೆ ಒಂದೊಂದೇ ದೃಶ್ಯ ತೋರಿಸಿ ಕಥೆ ಗುರುತಿಸಲು ಹೇಳಿ. ಅರ್ಧ ಗಂಟೆ ಹೋಗುವುದೇ ಗೊತ್ತಾಗುವುದಿಲ್ಲ. ಟಿಪ್ಪು ಹುಟ್ಟಿದ ಜಾಗ ಕೋಟೆಯ ಹೊರಗಡೆ ಸ್ವಲ್ಪ ದೂರದಲ್ಲಿದೆ. ಕಂಬಗಳ ಒಂದು ಪುಟ್ಟ ಮಂಟಪ, ಅದರಲ್ಲೊಂದು ಫಲಕ, ಅಷ್ಟೇ. ಐದು ನಿಮಿಷ ಸಾಕು.

ಇನ್ನೊಂದು ಅರ್ಧ ಗಂಟೆ ಇದ್ದರೆ ಹೆದ್ದಾರಿಯಲ್ಲಿ ಇನ್ನಷ್ಟು ಉತ್ತರಕ್ಕೆ, ಆವತಿಗೆ ಹೋಗಿ. ಕೆಂಪೇಗೌಡರ ಹಿರಿಯರು ಬಂದು ನೆಲೆಸಿದ ಊರು ಇದು ಎನ್ನುತ್ತಾರೆ. ಇಲ್ಲಿಂದ ಹೊರಟ ಮನೆತನ ಯಲಹಂಕ ನಾಡನ್ನು ಆಳಿತು. ಆ ಮನೆತನದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ಏರ್‌ಪೋರ್ಟ್‌ಗೆ ಅವರ ಹೆಸರು ಇಟ್ಟಿದ್ದು 2013ರಲ್ಲಿ. ಆ ಹೆಸರಿನ ಮೂಲ ರನ್‌ವೇಗೆ ಇಷ್ಟು ಹತ್ತಿರದಲ್ಲಿದೆ ಎನ್ನುವುದು ಬೆಂಗಳೂರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆವತಿಯ ಗುಡ್ಡದ ಮೇಲೆ ತಿಮ್ಮರಾಯಸ್ವಾಮಿ ಗುಡಿ ಇದೆ.

ಊಟಕ್ಕೆ ಸಿಟಿ ಶೈಲಿಯ ರೆಸ್ಟೋರೆಂಟ್ ಹುಡುಕಬೇಡಿ. ಇದು ರಾಗಿ ಸೀಮೆ. ದೇವನಹಳ್ಳಿ ಊರೊಳಗಿನ ಯಾವುದಾದರೂ ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು ಅಥವಾ ಸೊಪ್ಪಿನ ಸಾರು ಕೇಳಿ. ಮಾಂಸ ತಿನ್ನುವವರಿಗೆ ಮಿಲ್ಟ್ರಿ ಹೋಟೆಲ್‌ಗಳಿವೆ. ಕಾಲ ಕೂಡಿಬಂದಿದ್ದರೆ ಚಕ್ಕೋತ ತಗೊಳ್ಳಿ. ದೇವನಹಳ್ಳಿ ಚಕ್ಕೋತಕ್ಕೆ ಜಿಐ, ಅಂದರೆ ಇದು ಈ ಸೀಮೆಯದೇ ವಿಶೇಷ ಬೆಳೆ ಎಂಬ, ಮಾನ್ಯತೆ ಇದೆ. ಬೇರೆ ಚಕ್ಕೋತದಲ್ಲಿರುವ ಕಹಿ ಇದರಲ್ಲಿ ಇಲ್ಲ, ಸಿಹಿ ಜಾಸ್ತಿ. ಏರ್‌ಪೋರ್ಟ್ ಬಂದ ಮೇಲೆ ಭೂಮಿಯ ಬೆಲೆ ಏರಿ ತೋಟಗಳು ಕಡಿಮೆಯಾದವು. ಹಾಗಾಗಿ ಸಿಕ್ಕಿದಾಗ ಬಿಡಬಾರದು. ಬೆಂಗಳೂರು ನೀಲಿ ದ್ರಾಕ್ಷಿಯೂ ಇದೇ ಸುತ್ತಿನ ಬೆಳೆ, ಅದಕ್ಕೂ ಜಿಐ ಇದೆ.

ನಂದಿ ಬೆಟ್ಟಕ್ಕೆ ಹೋಗಿ ಬರಬಹುದಾ?

ವಾರದ ದಿನವಾದರೆ ಖಂಡಿತ. ಶನಿವಾರ-ಭಾನುವಾರ ಬೆಳಗ್ಗೆ ಆದರೆ ಬೇಡ. ಸೂರ್ಯೋದಯ ನೋಡಲು ಅರ್ಧ ಬೆಂಗಳೂರು ಅಲ್ಲಿಗೆ ಹೊರಟಿರುತ್ತದೆ. ಬೆಟ್ಟದ ಬುಡದಲ್ಲೇ ಗಾಡಿಗಳ ಸಾಲು ನಿಂತಿರುತ್ತದೆ. ಫ್ಲೈಟ್ ಹಿಡಿಯಬೇಕಾದವರು ಆ ಸಾಲಿನಲ್ಲಿ ಇರಬಾರದು.

ಏರ್‌ಪೋರ್ಟ್‌ನಿಂದ ಬೆಟ್ಟದ ತುದಿಗೆ ಹೆಚ್ಚು ಕಡಿಮೆ ಒಂದು ಗಂಟೆ. ಎತ್ತರ 1,478 ಮೀಟರ್. ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಟಿಪ್ಪು ಡ್ರಾಪ್ ಎನ್ನುವ ಕಡಿದಾದ ಬಂಡೆ, ಯೋಗ ನಂದೀಶ್ವರನ ಗುಡಿ ಇವೆ. ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲಿ ಇಲ್ಲಿ ಉಳಿದಿದ್ದರು. ಚಳಿಗಾಲದಲ್ಲಿ ಸ್ವೆಟರ್ ಕೈಚೀಲದಲ್ಲಿರಲಿ, ಗಾಳಿ ಜೋರು. ಕೈಯಲ್ಲಿ ತಿಂಡಿ ಹಿಡಿದು ಓಡಾಡಬೇಡಿ, ಕೋತಿಗಳು ಬಿಡುವುದಿಲ್ಲ.

ಆದರೆ ನನ್ನನ್ನು ಕೇಳಿದರೆ ಬೆಟ್ಟಕ್ಕಿಂತ ಬೆಟ್ಟದ ಬುಡವೇ ಮೇಲು. ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನ ಸಾವಿರ ವರ್ಷಕ್ಕೂ ಹಳೆಯದು. ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಇದಕ್ಕೆ ಸೇರಿಸುತ್ತ ಬಂದರು. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗ ನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗ ನಂದೀಶ್ವರ ವೈರಾಗ್ಯ ಎಂದು ನಂಬಿಕೆ. ಕೆಳಗಿನ ಎರಡು ಗುಡಿಗಳ ನಡುವೆ ಉಮಾಮಹೇಶ್ವರ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಗಿಳಿ, ಬಳ್ಳಿಗಳ ಕೆತ್ತನೆ ಎಷ್ಟು ನಯವಾಗಿದೆ ಎಂದರೆ ಕೈ ತಾನಾಗಿ ಮುಟ್ಟಲು ಹೋಗುತ್ತದೆ. ಮುಟ್ಟಬೇಡಿ, ಕಣ್ಣಲ್ಲೇ ನೋಡಿ. ಪಕ್ಕದ ಆವರಣದಲ್ಲಿ ದೊಡ್ಡ ಕಲ್ಯಾಣಿ ಇದೆ. ನಾಲ್ಕೂ ಕಡೆ ಮೆಟ್ಟಿಲು, ಮೇಲೆ ಸಾಲು ಮಂಟಪ. ವಿಮಾನದಲ್ಲಿ ಕಾಲು ಮಡಚಿ ಕೂತು ಬಂದವರಿಗೆ ಆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುವುದಕ್ಕಿಂತ ದೊಡ್ಡ ಸುಖ ಇಲ್ಲ. ಇಲ್ಲಿಗೆ ಬೆಟ್ಟ ಹತ್ತುವ ತಿರುವುಗಳ ದಾರಿಯೂ ಇಲ್ಲ, ಹಾಗಾಗಿ ವಯಸ್ಸಾದವರಿಗೂ ಸುಲಭ.

ಒಂದು ಮುಖ್ಯ ವಿಷಯ. ಈ ಕಡೆಗೆ ಹೋಗುವಾಗ ಹೋಗಿ-ಬರುವ ಕ್ಯಾಬ್ ಮಾತಾಡಿಕೊಂಡೇ ಹೊರಡಿ. ಆ್ಯಪ್‌ನಲ್ಲಿ ಹೋಗುವ ಕ್ಯಾಬ್ ಸುಲಭವಾಗಿ ಸಿಗುತ್ತದೆ. ವಾಪಸ್ ಬರಲು ಬೆಟ್ಟದ ಮೇಲೆ ನಿಂತು ಹುಡುಕಿದರೆ ಸಿಗುವ ಭರವಸೆ ಇಲ್ಲ. ಗಾಡಿ ಕಾಯುವುದಕ್ಕೆ ಕೊಡುವ ದುಡ್ಡು ಫ್ಲೈಟ್ ತಪ್ಪಿದಾಗ ಕೊಡುವ ದುಡ್ಡಿನ ಮುಂದೆ ಏನೂ ಅಲ್ಲ.

ಘಾಟಿ ಸುಬ್ರಹ್ಮಣ್ಯ, ಈಶ ಆದಿಯೋಗಿ, ಲೇಪಾಕ್ಷಿ?

ದೊಡ್ಡಬಳ್ಳಾಪುರ ದಾಟಿ ಇರುವ ಘಾಟಿಗೆ ಹೋಗಲು ಒಂದು ಗಂಟೆ ಬೇಕು. ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ ಇದ್ದಾರೆ. ಹಿಂದಿನ ಮೂರ್ತಿಯನ್ನು ಕನ್ನಡಿಯಲ್ಲಿ ನೋಡಬೇಕು. ಹರಕೆ ಇದ್ದವರಿಗೆ ಇದು ಒಳ್ಳೆಯ ಅವಕಾಶ. ಮಂಗಳವಾರ, ಭಾನುವಾರ, ಷಷ್ಠಿ ದಿನ ರಶ್ ಇರುತ್ತದೆ. ಚಿಕ್ಕಬಳ್ಳಾಪುರದ ಬಳಿಯ 112 ಅಡಿ ಆದಿಯೋಗಿ ಮೂರ್ತಿ ನೋಡುವವರು ನಂದಿಯ ಜೊತೆ ಸೇರಿಸಿಕೊಳ್ಳಬಹುದು. ಲೇಪಾಕ್ಷಿ ಆಂಧ್ರಕ್ಕೆ ಸೇರಿದ್ದು, ಹೋಗಿ ಬರುವುದಕ್ಕೇ ನಾಲ್ಕು ಗಂಟೆ. ಹನ್ನೆರಡು ಗಂಟೆಯ ಗ್ಯಾಪ್, ಅದೂ ಹಗಲು ಹೊತ್ತು, ಇದ್ದರೆ ಮಾತ್ರ.

ಇಲ್ಲ, ನನಗೆ ಬೆಂಗಳೂರನ್ನೇ ನೋಡಬೇಕು. ಎಲ್ಲಿಗೆ ಹೋಗಲಿ?

ಮಲ್ಲೇಶ್ವರಕ್ಕೆ ಹೋಗಿ. ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಏರ್‌ಪೋರ್ಟ್ ರಸ್ತೆಗೆ ಹತ್ತಿರ ಇರುವುದು ಇದು. ಮೇಖ್ರಿ ಸರ್ಕಲ್ ದಾಟಿದರೆ ಬಂದೇ ಬಿಟ್ಟಿತು. 1898ರ ಪ್ಲೇಗ್ ಆದ ಮೇಲೆ ಗಾಳಿ-ಬೆಳಕು ಚೆನ್ನಾಗಿರಲಿ ಎಂದು ಯೋಚಿಸಿ ಬೆಳೆಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಆ ಯೋಚನೆ ಇವತ್ತಿಗೂ ಅಡ್ಡರಸ್ತೆಗಳ ಮರದ ನೆರಳಲ್ಲಿ ಕಾಣುತ್ತದೆ.

ಎಲ್ಲವೂ ನಡೆಯುವ ದೂರದಲ್ಲಿದೆ. ಮಾರ್ಗೋಸಾ ರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ ತಿನ್ನಿ. ಬೋರ್ಡಿನಲ್ಲಿ ಶ್ರೀ ಸಾಗರ್ ಎಂದಿರುತ್ತದೆ, ಹೆದರಬೇಡಿ, ಅದೇ. ಜನ ಜಾಸ್ತಿ ಇದ್ದರೆ ಕಾಯುತ್ತ ನಿಲ್ಲಬೇಡಿ, ಅದೇ ರಸ್ತೆಯಲ್ಲಿ ಮುಂದೆ ವೀಣಾ ಸ್ಟೋರ್ಸ್ ಇದೆ. ಫುಟ್‌ಪಾತ್ ಮೇಲೆ ನಿಂತು ಇಡ್ಲಿ ತಿಂದು ಮುಗಿಸಲು ಹತ್ತು ನಿಮಿಷ ಸಾಕು. ಗಡಿಯಾರ ನೋಡಿಕೊಂಡು ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಆಮೇಲೆ ಕಾಡು ಮಲ್ಲೇಶ್ವರ ಗುಡಿ. ಅದರ ಎದುರಿಗೆ ದಕ್ಷಿಣಮುಖ ನಂದಿ ತೀರ್ಥ. ಬಹಳ ಕಾಲ ಮಣ್ಣಿನಡಿ ಮುಚ್ಚಿಹೋಗಿದ್ದ ಈ ಜಾಗದಲ್ಲಿ ನಂದಿಯ ಬಾಯಿಂದ ನೀರು ಬಂದು ಶಿವಲಿಂಗದ ಮೇಲೆ ಬೀಳುತ್ತದೆ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹಾಗಾಗಿ ಮೊದಲು ದರ್ಶನ, ಆಮೇಲೆ ದೋಸೆ. ಎಂಟನೇ ಕ್ರಾಸ್ ಮತ್ತು ಸಂಪಿಗೆ ರಸ್ತೆಯಲ್ಲಿ ಹೂವು, ಹಣ್ಣು, ಅರಿಶಿನ-ಕುಂಕುಮ, ಸೀರೆ ಎಲ್ಲವೂ ಸಿಗುತ್ತದೆ. ಹೊರಡುವ ಮುಂಚೆ ಕಾಫಿಪುಡಿ ಅಂಗಡಿಗೆ ಹೋಗಿ ಕಣ್ಣೆದುರೇ ಬೀಸಿಸಿಕೊಳ್ಳಿ. ವಿದೇಶಕ್ಕೆ ಹೊರಟವರಾದರೆ ಪ್ಯಾಕೆಟ್ ಸೀಲ್ ಮಾಡಿಸಿ.

ಲಾಲ್‌ಬಾಗ್, ಬಸವನಗುಡಿ, ವಿದ್ಯಾರ್ಥಿ ಭವನ ಆಗೋದೇ ಇಲ್ವಾ?

ಹನ್ನೆರಡು ಗಂಟೆ ಇದ್ದರೆ ಆಗುತ್ತದೆ. ಒಂದು ಉಪಾಯ ಇದೆ. ಏರ್‌ಪೋರ್ಟ್‌ನಿಂದ ಕ್ಯಾಬ್‌ನಲ್ಲಿ ಮಲ್ಲೇಶ್ವರದವರೆಗೆ ಮಾತ್ರ ಬನ್ನಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ. ಮೆಜೆಸ್ಟಿಕ್, ಚಿಕ್ಕಪೇಟೆ, ಮಾರ್ಕೆಟ್‌ನ ಟ್ರಾಫಿಕ್ ಎಲ್ಲ ನಿಮ್ಮ ತಲೆಯ ಮೇಲೆ ಉಳಿಯುತ್ತದೆ, ನೀವು ನೆಲದಡಿ ಹೋಗಿ ನ್ಯಾಷನಲ್ ಕಾಲೇಜು ಅಥವಾ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯುತ್ತೀರಿ. ವಾಪಸ್ ಬರುವಾಗಲೂ ಹೀಗೇ.

ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಗಾಜಿನ ಮನೆ 1889ರದ್ದು. ಎರಡಕ್ಕಿಂತ ಹಳೆಯದು ಒಳಗಿನ ಬಂಡೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೆಂಪೇಗೌಡ ಗೋಪುರ. ತಿಂಡಿಗೆ ಹೋಗುವ ಮುಂಚೆ ವಾರ ನೋಡಿಕೊಳ್ಳಿ. 1924ರಿಂದ ಇರುವ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. 1943ರಿಂದ ನಡೆಯುತ್ತಿರುವ ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಿಮ್ಮ ಫ್ಲೈಟ್ ಇದ್ದರೆ ದೊಡ್ಡ ಬಸವನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಅದು ಒಂದು ಭಾಗ್ಯ. ಜನಜಂಗುಳಿಗೆಂದು ಇನ್ನೊಂದು ಗಂಟೆ ಇಟ್ಟುಕೊಳ್ಳಿ.

ರಾತ್ರಿ ಪೂರ್ತಿ ಗ್ಯಾಪ್ ಇದ್ದರೆ?

ಮಲಗಿ. ನಿಜವಾಗಿ ಹೇಳುತ್ತಿದ್ದೇನೆ. ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ನೋಡಲು ಏನೂ ಇಲ್ಲ. ಎರಡನೇ ಟರ್ಮಿನಲ್‌ನಲ್ಲಿ 080 ಹೆಸರಿನ ಟ್ರಾನ್ಸಿಟ್ ಹೋಟೆಲ್ ಇದೆ. ಆವರಣದಲ್ಲೇ ತಾಜ್ ಇದೆ. ಕಡಿಮೆ ದರದ ರೂಮುಗಳು ದೇವನಹಳ್ಳಿ ಮತ್ತು ಸಾದಹಳ್ಳಿ ಸುತ್ತ ಸಿಗುತ್ತವೆ. ರೂಮು ತೆಗೆದುಕೊಳ್ಳುವಾಗ ಬೆಳಗಿನ ಜಾವ ಏರ್‌ಪೋರ್ಟ್‌ಗೆ ಬಿಡುವ ಗಾಡಿ ಅವರದ್ದೇ ಇದೆಯೇ ಎಂದು ಕೇಳಿ.

ನಿದ್ದೆ ಬಾರದವರಿಗೆ, ಮತ್ತು ಬೆಳಗ್ಗೆ ಹತ್ತರ ಮೇಲೆ ಫ್ಲೈಟ್ ಇರುವವರಿಗೆ ಮಾತ್ರ, ಒಂದು ಜಾಗ ಹೇಳುತ್ತೇನೆ: ಕೆ.ಆರ್. ಮಾರ್ಕೆಟ್‌ನ ಹೂವಿನ ಮಂಡಿ. ನಾಲ್ಕು ಗಂಟೆಗೆಲ್ಲ ಕನಕಾಂಬರ, ಸೇವಂತಿಗೆ, ಚೆಂಡುಹೂವು ಮೂಟೆಗಟ್ಟಲೆ ಬಂದು ಬಿದ್ದಿರುತ್ತದೆ. ಆ ಹೊತ್ತಿಗೆ ರಸ್ತೆ ಖಾಲಿ, ಮುಕ್ಕಾಲು ಗಂಟೆ ಚಿಲ್ಲರೆಯಲ್ಲಿ ತಲುಪುತ್ತೀರಿ. ಆರಕ್ಕೆ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ, ಕಾಫಿ ಮುಗಿಸಿ ಏಳರ ಒಳಗೆ ಹೆಬ್ಬಾಳ ದಾಟಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ನೆಲ ಒದ್ದೆ ಇರುತ್ತದೆ.

ಕ್ಯಾಬ್ ಒಳ್ಳೆಯದಾ, ಬಸ್ಸಾ?

ಒಬ್ಬರೇ ಇದ್ದು ಕೈಯಲ್ಲಿ ಟೈಮ್ ಇದ್ದರೆ ಬಿಎಂಟಿಸಿಯ ವಾಯು ವಜ್ರ. ಎಸಿ ಬಸ್ಸು, ಬ್ಯಾಗ್ ಇಡಲು ಜಾಗ ಇದೆ, ಮುಖ್ಯ ಮಾರ್ಗಗಳಲ್ಲಿ ರಾತ್ರಿಯೂ ಓಡುತ್ತದೆ. ಕೆಐಎ-9 ಮೆಜೆಸ್ಟಿಕ್‌ಗೆ, ಕೆಐಎ-5 ಬನಶಂಕರಿಗೆ, ಕೆಐಎ-8 ಎಲೆಕ್ಟ್ರಾನಿಕ್ ಸಿಟಿಗೆ. ಹೆಂಗಸರ ಗಮನಕ್ಕೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ಈ ಬಸ್ಸಿಗೆ ಇಲ್ಲ.

ಮೂರು-ನಾಲ್ಕು ಜನ ಇದ್ದರೆ ಕ್ಯಾಬ್. ಓಲಾ, ಊಬರ್, ಕೆಎಸ್‌ಟಿಡಿಸಿ ಟ್ಯಾಕ್ಸಿ ಎಲ್ಲಕ್ಕೂ ಹತ್ತುವ ಜಾಗ ಬೇರೆ ಬೇರೆ ಇದೆ, ಬೋರ್ಡ್ ನೋಡಿ ಹೋಗಿ. ಹೊರಗೆ ಬರುತ್ತಿದ್ದಂತೆ ಹತ್ತಿರ ಬಂದು "ಎಲ್ಲಿಗೆ ಸರ್" ಎಂದು ಕೇಳುವವರ ಜೊತೆ ಹೋಗಬೇಡಿ. ಸಾದಹಳ್ಳಿ ಟೋಲ್ ಬಿಲ್ಲಿಗೆ ಸೇರುತ್ತದೆ. ಏರ್‌ಪೋರ್ಟ್ ಹೆಸರಿನ ರೈಲ್ವೆ ಹಾಲ್ಟ್ ಸ್ಟೇಷನ್ ಕೂಡ ಇದೆ, ಆದರೆ ರೈಲುಗಳು ಬಹಳ ಕಡಿಮೆ. ಎರಡು ಫ್ಲೈಟ್ ನಡುವಿನ ಗ್ಯಾಪ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಬ್ಯಾಗುಗಳನ್ನು ಏನು ಮಾಡೋದು?

ಎರಡೂ ಫ್ಲೈಟ್ ಒಂದೇ ಟಿಕೆಟ್‌ನಲ್ಲಿದ್ದು ದೇಶದೊಳಗಿನ ಪ್ರಯಾಣವಾದರೆ ದೊಡ್ಡ ಬ್ಯಾಗು ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಹೊರಟ ಊರಲ್ಲೇ ಕೌಂಟರ್‌ನಲ್ಲಿ ಕೇಳಿ, ಬ್ಯಾಗಿನ ಚೀಟಿಯ ಮೇಲೆ ಯಾವ ಊರಿನ ಹೆಸರಿದೆ ಎಂದು ನೋಡಿಕೊಳ್ಳಿ. ವಿದೇಶದಿಂದ ಬಂದು ಇಲ್ಲಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವವರು ಸಾಮಾನ್ಯವಾಗಿ ಇಲ್ಲೇ ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು.

ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗಿನ ಜವಾಬ್ದಾರಿ ನಿಮ್ಮದೇ. ಏರ್‌ಪೋರ್ಟ್‌ನಲ್ಲಿ ದುಡ್ಡು ಕೊಟ್ಟು ಲಗೇಜ್ ಇಡುವ ವ್ಯವಸ್ಥೆ ಇದೆ. ಬ್ಯಾಗು ಕ್ಯಾಬ್‌ನಲ್ಲೇ ಬಿಟ್ಟು ಬೆಟ್ಟ ಸುತ್ತಲು ಹೋಗುವುದಕ್ಕಿಂತ ಅಲ್ಲಿ ಇಡುವುದು ನೆಮ್ಮದಿ. ಪಾಸ್‌ಪೋರ್ಟ್, ಒಡವೆ, ಔಷಧಿ ಮಾತ್ರ ಯಾವಾಗಲೂ ನಿಮ್ಮ ಮೈಮೇಲಿನ ಚೀಲದಲ್ಲೇ ಇರಲಿ.

ಒಂದನೇ ಟರ್ಮಿನಲ್‌ನಲ್ಲಿ ಇಳಿದೆ, ಮುಂದಿನದು ಎರಡನೆಯದರಿಂದ. ದೂರ ಇದೆಯಾ?

ಎರಡರ ನಡುವೆ ಉಚಿತ ಶಟಲ್ ಬಸ್ ಇದೆ. ವಿದೇಶದ ಫ್ಲೈಟ್‌ಗಳೆಲ್ಲ ಎರಡನೇ ಟರ್ಮಿನಲ್‌ನಿಂದ. ಇಂಡಿಗೊದ ದೇಶದೊಳಗಿನ ಫ್ಲೈಟ್‌ಗಳು ಒಂದನೆಯದರಿಂದ. ಆದರೂ ಟಿಕೆಟ್ ನೋಡಿಯೇ ಹೊರಡಿ. ಕ್ಯಾಬ್‌ನವರಿಗೆ ಟರ್ಮಿನಲ್ ನಂಬರ್ ಹೇಳುವುದನ್ನು ಮರೆಯಬೇಡಿ.

ಜೊತೆಗಿರುವವರದ್ದು ವಿದೇಶಿ ಪಾಸ್‌ಪೋರ್ಟ್. ಹೊರಗೆ ಬಿಡ್ತಾರಾ?

ಒಸಿಐ ಕಾರ್ಡ್ (ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವುದು) ಇದ್ದರೆ ಚಿಂತೆ ಇಲ್ಲ. ಅದಿಲ್ಲದವರಲ್ಲಿ ಹೆಚ್ಚಿನ ದೇಶದವರಿಗೆ ಭಾರತದ ವೀಸಾ ಬೇಕು. ಇ-ವೀಸಾ ಬೆಂಗಳೂರಿನಲ್ಲಿ ನಡೆಯುತ್ತದೆ, ಆದರೆ ಹೊರಡುವ ಮೊದಲೇ ಪಡೆದಿರಬೇಕು. ಇಳಿದ ಮೇಲೆ ಇಲ್ಲಿ ಕೇಳಿ ಪಡೆಯುತ್ತೇನೆ ಎಂದುಕೊಂಡು ಬರಬೇಡಿ. ಪದೇ ಪದೇ ಓಡಾಡುವ ಭಾರತೀಯರು ಮತ್ತು ಒಸಿಐ ಇರುವವರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್‌ಗೆ ಹೆಸರು ನೋಂದಾಯಿಸಿಕೊಳ್ಳಿ. 2025ರ ಜನವರಿಯಿಂದ ಇಲ್ಲೂ ಇದೆ. ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿದರೆ ಅಷ್ಟೂ ನಿಮ್ಮ ಗ್ಯಾಪ್‌ಗೆ ಸೇರಿದಂತೆ.

ಬೆಂಗಳೂರಲ್ಲಿ ನೆಂಟರಿದ್ದಾರೆ. ಮನೆಗೆ ಬಂದೇ ಹೋಗಬೇಕು ಅಂತಾರೆ. ಏನು ಮಾಡಲಿ?

ಇದು ನಮ್ಮ ಜನರ ನಿಜವಾದ ಕಷ್ಟ. ಚಿಕ್ಕಮ್ಮ ಹೋಳಿಗೆ ಮಾಡಿ ಕಾಯುತ್ತಿರುತ್ತಾರೆ, ಬರುವುದಿಲ್ಲ ಎನ್ನಲು ಮನಸ್ಸು ಬಾರದು. ಮನೆ ಎಲ್ಲಿದೆ ನೋಡಿ. ಯಲಹಂಕ, ಸಹಕಾರನಗರ, ವಿದ್ಯಾರಣ್ಯಪುರ ಆದರೆ ಹೋಗಿ, ಊಟ ಮಾಡಿ ಬನ್ನಿ. ಇವೆಲ್ಲ ಹೆಬ್ಬಾಳಕ್ಕಿಂತ ಈಚೆಯೇ ತಲುಪಬಹುದಾದ ಜಾಗಗಳು. ಜಯನಗರ, ಜೆ.ಪಿ. ನಗರ, ಕೆಂಗೇರಿ ಆದರೆ ಹನ್ನೆರಡು ಗಂಟೆಗಿಂತ ಕಡಿಮೆ ಗ್ಯಾಪ್‌ನಲ್ಲಿ ಒಪ್ಪಿಕೊಳ್ಳಬೇಡಿ. ಬಾಗಿಲಲ್ಲಿ ನಿಂತು "ಇನ್ನೊಂದು ಐದು ನಿಮಿಷ" ಎನ್ನುವ ನಮ್ಮ ಅಭ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಅದರ ಬದಲು ಅವರನ್ನೇ ಏರ್‌ಪೋರ್ಟ್‌ಗೆ ಕರೆಯಿರಿ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ. ಆದರೆ ಒಂದನೇ ಟರ್ಮಿನಲ್ ಎದುರಿಗೆ ತೆರೆದ ಜಾಗದಲ್ಲಿ ಹೋಟೆಲ್‌ಗಳು, ಕೂರಲು ಮೇಜುಗಳು ಇವೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಕಾಫಿ ಕುಡಿಯುತ್ತ ಎರಡು ಗಂಟೆ ಮಾತಾಡಬಹುದು, ಹೋಳಿಗೆ ಡಬ್ಬಿ ಅಲ್ಲೇ ಕೈಬದಲಾಗಬಹುದು. ಮನೆಯಲ್ಲಾದರೆ ಅರ್ಧ ಹೊತ್ತು ಅಡುಗೆಮನೆಯಲ್ಲೇ ಇರುವ ಚಿಕ್ಕಮ್ಮ ಇಲ್ಲಿ ನಿಮ್ಮ ಎದುರಿಗೇ ಕೂತಿರುತ್ತಾರೆ.

ಅಪ್ಪ-ಅಮ್ಮ ಇಬ್ಬರೇ ಹೋಗ್ತಿದ್ದಾರೆ. ಅವರಿಗೆ ಏನು ಹೇಳಲಿ?

ಅವರನ್ನು ಸುತ್ತಾಡಲು ಕಳಿಸಬೇಡಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿ. ನಡೆಯಲು ಆಗುವವರೂ ಕೇಳುವುದರಲ್ಲಿ ತಪ್ಪಿಲ್ಲ, ಭಾಷೆ ಮತ್ತು ದಾರಿ ಎರಡಕ್ಕೂ ಒಬ್ಬರು ಜೊತೆಗಿರುತ್ತಾರೆ. ಎರಡೂ ಫ್ಲೈಟ್ ಒಂದೇ ಟಿಕೆಟ್‌ನಲ್ಲಿರಲಿ. ಸ್ವಲ್ಪ ದುಡ್ಡು ಉಳಿಸಲು ಬೇರೆ ಬೇರೆ ಟಿಕೆಟ್ ಮಾಡಿದರೆ, ಮೊದಲ ಫ್ಲೈಟ್ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಕಂಪನಿಗೆ ಯಾವ ಹೊಣೆಯೂ ಇರುವುದಿಲ್ಲ. ವಯಸ್ಸಾದವರನ್ನು ಆ ಗೊಂದಲಕ್ಕೆ ತಳ್ಳಬಾರದು. ಲೌಂಜ್ ಮೊದಲೇ ಬುಕ್ ಮಾಡಿಕೊಡಿ. ಊಟ, ಬಾತ್‌ರೂಮು, ಕಾಲು ಚಾಚಲು ಜಾಗ ಒಂದೇ ಕಡೆ ಸಿಗುತ್ತದೆ. ಬೋರ್ಡಿಂಗ್ ಟೈಮ್ ಒಂದು ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಿ. ಯಾರೋ ಕೂಗಿ ಕರೆಯುತ್ತಾರೆ ಎಂದು ಕಾಯಬಾರದು, ಪರದೆ ನೋಡಬೇಕು ಎಂದು ಹೇಳಿ.

ಹೊರಗೆ ಹೋಗದೆ ಅಲ್ಲೇ ಇದ್ದರೆ ಏನಾದರೂ ಇದೆಯಾ?

2022ರ ನವೆಂಬರ್ 11ರಂದು ಉದ್ಘಾಟನೆಯಾದ ಎರಡನೇ ಟರ್ಮಿನಲ್ ಅನ್ನೇ ಸುತ್ತಿ ನೋಡಿ. ಚಾವಣಿ, ಕಂಬಗಳಿಗೆಲ್ಲ ಬಿದಿರಿನ ಹೊದಿಕೆ. ಮೇಲಿನಿಂದ ಗಿಡಗಳು ತೂಗಾಡುತ್ತವೆ. ಗೇಟುಗಳಿಗೆ ಹೋಗುವ ದಾರಿಯಲ್ಲಿ ಮರಗಿಡಗಳ ಒಂದು ಪಟ್ಟಿಯೇ ಇದೆ. ಒಳಾಂಗಣಕ್ಕಾಗಿ 2023ರಲ್ಲಿ ಪ್ರಿಕ್ಸ್ ವರ್ಸೇಲ್ಸ್ ಎಂಬ ಅಂತರರಾಷ್ಟ್ರೀಯ ವಾಸ್ತುಶಿಲ್ಪ ಸ್ಪರ್ಧೆಯ ವಿಶೇಷ ಪ್ರಶಸ್ತಿಯೂ ಬಂತು. ಹೊರಗಡೆ, ಸ್ವಲ್ಪ ದೂರದಲ್ಲಿ, ಅದೇ ದಿನ ಅನಾವರಣವಾದ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ ಇದೆ. ನಾಲ್ಕು ಗಂಟೆ ಮಾತ್ರ ಇರುವವರಿಗೆ ಇದು ಸಾಕಾಗುತ್ತದೆ.

ಯಾವ ದಿನ ಹೊರಗೆ ಹೋಗಲೇಬಾರದು?

ಗೌರಿ-ಗಣೇಶ, ದಸರಾ, ದೀಪಾವಳಿಯ ಹಿಂದಿನ ಸಂಜೆ. ಊರಿಗೆ ಹೊರಟವರಿಂದ ಸಿಟಿ ತುಂಬಿರುತ್ತದೆ. ಬೇಸಿಗೆ ಕೊನೆಯ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಸಂಜೆಗಳಲ್ಲಿ ಜೋರು ಮಳೆ ಬಂದರೆ ಅಂಡರ್‌ಪಾಸ್‌ಗಳಲ್ಲಿ ನೀರು ನಿಂತು ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ. ಆಗ ಬಳ್ಳಾರಿ ರಸ್ತೆ ತುಂಬಿರುತ್ತದೆ, ಪ್ರದರ್ಶನದ ಹೊತ್ತಿನಲ್ಲಿ ಏರ್‌ಪೋರ್ಟ್‌ನ ವಿಮಾನಗಳನ್ನೂ ಕೆಲವು ಗಂಟೆ ನಿಲ್ಲಿಸುತ್ತಾರೆ. ಡಿಸೆಂಬರ್-ಜನವರಿಯ ಬೆಳಗ್ಗೆ ದೇವನಹಳ್ಳಿಯಲ್ಲಿ ಮಂಜು ಕವಿದರೆ ಫ್ಲೈಟ್‌ಗಳು ತಡವಾಗುತ್ತವೆ. ತಡವಾಗುತ್ತದೆ ಎಂದು ನಂಬಿ ನೀವೂ ತಡ ಮಾಡಬೇಡಿ.

ಮೈಸೂರಿಗೆ ಹೋಗಿ ಬರಬಹುದಾ?

ಇಪ್ಪತ್ತನಾಲ್ಕು ಗಂಟೆ ಇದ್ದರೆ ಹೋಗಬಹುದು. ಏರ್‌ಪೋರ್ಟ್‌ನಿಂದಲೇ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಅದಕ್ಕಿಂತ ಕಡಿಮೆ ಇದ್ದರೆ ಬೇಡ.

ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ?

ಇದಕ್ಕೆ ತಯಾರಿ ಹೊರಡುವ ಮುಂಚೆಯೇ ಆಗಬೇಕು. ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಫೋನ್‌ನಲ್ಲಿ ಇಟ್ಟುಕೊಳ್ಳಿ. ದೇಶದೊಳಗಿನ ಫ್ಲೈಟ್‌ಗೆ ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಆ್ಯಪ್ ಇದ್ದರೆ ಬಾಗಿಲಲ್ಲಿ ಸಾಲು ತಪ್ಪುತ್ತದೆ. ಫೋನ್ ಚಾರ್ಜ್ ಇರಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ತುಪ್ಪ, ಉಪ್ಪಿನಕಾಯಿಯಂಥವು ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ಟೈಮ್ ಹೋಗುತ್ತದೆ, ಹಾಗಾಗಿ ದಾರಿಯಲ್ಲಿ ಅವನ್ನು ಕೊಳ್ಳಬೇಡಿ.

ತಡ ಆಗುತ್ತದೆ ಎಂದು ಅನಿಸಿದ ಕೂಡಲೇ ವಿಮಾನ ಕಂಪನಿಗೆ ಫೋನ್ ಮಾಡಿ, ಟರ್ಮಿನಲ್ ತಲುಪುವವರೆಗೆ ಕಾಯಬೇಡಿ. ಮೊದಲೇ ಹೇಳಿದರೆ ಮುಂದಿನ ಫ್ಲೈಟ್‌ಗೆ ಬದಲಿಸುವ ದಾರಿ ಇರಬಹುದು. ಬಾಗಿಲಿಗೆ ಬಂದ ಮೇಲೆ ಸುಮ್ನೆ ಸಾಲಿನ ಕೊನೆಯಲ್ಲಿ ನಿಲ್ಲಬೇಡಿ. ಅಲ್ಲಿರುವ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ, ಎಷ್ಟು ಗಂಟೆಗೆ ಫ್ಲೈಟ್ ಎಂದು ನೇರವಾಗಿ ಹೇಳಿ. ಸಾಲಿನಲ್ಲಿ ಮುಂದಿರುವವರನ್ನೂ ಕನ್ನಡದಲ್ಲೇ ಕೇಳಿ. ಹೆಚ್ಚಿನವರು ಜಾಗ ಬಿಡುತ್ತಾರೆ.